ಚೊಕ್ಕ ಸೊನ್ನೆ

ಮೋರಿಯೊ: ಇನ್ನೊಂದೇ ಒಂದು ಸಲ ನೋಡಿಬಿಡ್ತೀನಿ ಕಣೆ. ತೊಟ್ಟಿ ನೀರಲ್ಲಿ ಬಂಡೆಯಿಂದ ಬರೋ ರೇಡಾನ್ ಅನಿಲ ಸೇರಿದ್ರೆ ಅದೂ ಮಿಣುಕುತ್ತೆ.

ಚಿಝುರು: ಹೋದ ವಸಂತದಲ್ಲೂ ಇದನ್ನೇ ಹೇಳಿದ್ರಿ. ಬಿಸಿನೀರ ಬುಗ್ಗೆಗೆ ನಾನು ಹೋಗೋದು ಯಾವಾಗ, ಸತ್ತ ಮೇಲಾ?

ಮೋರಿಯೊ ನಮ್ಮ ಗುಂಪಿನ ಮುಖ್ಯಸ್ಥರು. ಹಿದಾ ಬೆಟ್ಟದ ಹಳೇ ಗಣಿಯೊಳಗೆ ನಮ್ಮದೊಂದು ಭಾರಿ ನೀರಿನ ತೊಟ್ಟಿಯಿದೆ. ಎಂದೋ ಸತ್ತ ನಕ್ಷತ್ರಗಳಿಂದ ಹೊರಟ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣ ಅಪರೂಪಕ್ಕೊಮ್ಮೆ ಆ ನೀರಿಗೆ ಡಿಕ್ಕಿ ಹೊಡೆದರೆ ಚೂರು ಬೆಳಕು ಹೊಮ್ಮುತ್ತದೆ. ಅದನ್ನು ಹಿಡಿಯುವುದೇ ನಮ್ಮ ಹೊಟ್ಟೆಪಾಡು. ನಾಲ್ಕು ವರ್ಷದ ಬೆಳಕೆಲ್ಲ ಈಗ ಕಂಪ್ಯೂಟರಿನ ಒಂದು ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ. ಅದರಲ್ಲಿ ಯಾವುದು ನಕ್ಷತ್ರದ್ದು, ಯಾವುದು ಅಲ್ಲ ಎಂದು ಎಣಿಸುವ ನಿಯಮ ಗಟ್ಟಿಯಾಗುವವರೆಗೆ ಯಾರೂ ಇಣುಕುವಂತಿಲ್ಲ. ಇಣುಕಿದರೆ ಮನಸ್ಸು ತನಗೆ ಬೇಕಾದ ಹಾಗೆ ನಿಯಮವನ್ನು ತಿರುಚುತ್ತದೆ, ಪಂಡಿತರ ಮನಸ್ಸಂತೂ ಇನ್ನೂ ಬೇಗ. ನಿನ್ನೆ ಎಲ್ಲರೂ ಒಪ್ಪಿಯಾಯಿತು, ಇವರೊಬ್ಬರ ಒಪ್ಪಿಗೆ ಬಾಕಿ. ಪೆಟ್ಟಿಗೆ ತೆರೆದ ದಿನವೇ ಬುಗ್ಗೆಗೆ ಪ್ರವಾಸ ಎಂದು ಹೆಂಡತಿ ಚಿಝುರುಗೆ ಮಾತು ಬೇರೆ ಕೊಟ್ಟಿದ್ದರು.

ಇವರನ್ನು ಗಣಿಗೆ ಕರೆದೊಯ್ಯಲು ಕಾರು ತಂದಿದ್ದ ನಾನು, ಕುಗಾ, ಅವರ ಮನೆಯಲ್ಲೇ ಕೂತು ಮಿಸೊ ಸಾರು ಕುಡಿಯುತ್ತಿದ್ದೆ. ರೇಡಾನ್ ಪರೀಕ್ಷೆ ನಿಜವಾಗಿಯೂ ಬಾಕಿ ಇದೆಯೇ ಎಂದು ಚಿಝುರು ನನ್ನನ್ನೇ ಕೇಳಿದರು. ಮುಗಿದು ತಿಂಗಳಾಯಿತು ಎಂದುಬಿಟ್ಟೆ. ಸಾಹೇಬರು ಗುರ್ರೆಂದು ನೋಡಿದರು. ನಾನು ಬಟ್ಟಲೊಳಗೆ ಮುಖ ಹುದುಗಿಸಿದೆ.

ಚಿಝುರು: ರೇಡಾನೂ ಇಲ್ಲ, ಮಣ್ಣೂ ಇಲ್ಲ. ನಿಮಗೆ ಹೆದರಿಕೆ.

ಮೋರಿಯೊ: ಹೌದು, ಹೆದರಿಕೆನೇ. ಒಳಗೆ ಏನೂ ಇಲ್ದಿದ್ರೆ?

ಚಿಝುರು: ತೆಗೀದೆ ಇಟ್ರೆ ತುಂಬ್ಕೊಳ್ಳುತ್ತಾ? ಅದೇನು ಮಳೆನೀರಿನ ಬಕೆಟ್ಟಾ?

ನನಗೆ ಮನುಷ್ಯನ ಮೇಲೆ ಕನಿಕರ ಬಂತು. ಅವರು ಲ್ಯಾಪ್‌ಟಾಪ್ ಎಳೆದುಕೊಂಡು, ಕಣ್ಣು ಅರ್ಧ ಮುಚ್ಚಿ, ಒಪ್ಪಿಗೆ ಒತ್ತಿದರು. ಸಿಕ್ಕ ನಕ್ಷತ್ರದ ಬೆಳಕಿನ ಲೆಕ್ಕವಾಗಿ ಪರದೆಯ ಮೇಲೆ ಸೊನ್ನೆ ಬಂತು. ಚಿಝುರು ಮೆಲ್ಲಗೆ ಟೀ ಲೋಟವನ್ನು ಗಂಡನ ಹತ್ತಿರಕ್ಕೆ ಸರಿಸಿದರು.

ಮೋರಿಯೊ: ಎಂಥಾ ಚೊಕ್ಕ ಸೊನ್ನೆ ನೋಡೇ.

ಚಿಝುರು: ಅಳ್ತೀರೇನೋ ಅಂತ ಟೀ ಕೊಟ್ರೆ, ನಗ್ತಿದ್ದೀರಲ್ರೀ.

ಮೋರಿಯೊ: ಇಷ್ಟು ಹುಡುಕಿಯೂ ಸಿಗಲಿಲ್ಲ ಅಂದ್ರೆ, ಇದ್ರೂ ತೀರಾ ಕಮ್ಮಿ ಅಂತ ಎದೆ ತಟ್ಟಿ ಹೇಳ್ಬಹುದು. ಅದೂ ಫಲಿತಾಂಶನೇ. ಕುಗಾ, ನಡಿಯಪ್ಪ ಗಣಿಗೆ. ಇನ್ನೂ ದೊಡ್ಡ ತೊಟ್ಟಿ ಕೇಳ್ಬೇಕು.

ಚಿಝುರು: ಪ್ರವಾಸ?

ಮೋರಿಯೊ: ಈ ಸೊನ್ನೆನ ಒಂದು ಸಲ ಪರೀಕ್ಷೆ ಮಾಡ್ಬಿಟ್ಟು...

ಚಿಝುರು ಎದ್ದು ಬಾಗಿಲಲ್ಲಿ ಶೂ ಹಾಕಿಕೊಂಡರು. ಬುಗ್ಗೆಗೆ ಹೋಗಲು ತಮ್ಮನ್ನು ಬಸ್ ನಿಲ್ದಾಣಕ್ಕೆ ಬಿಡಬೇಕೆಂದು ನನಗೆ ಹೇಳಿದರು. ನಾನು ಸಾಹೇಬರ ಮುಖ ನೋಡಿದೆ, ಅಮ್ಮನವರ ಮುಖ ನೋಡಿದೆ, ತೆಪ್ಪಗೆ ಕಾರಿನ ಕೀ ತೆಗೆದೆ.

ಮೋರಿಯೊ: ಅಲ್ಲ ಕಣೆ, ಸಂಜೆ ನಾನು ಬರೋ ಹೊತ್ತಿಗೆ...

ಚಿಝುರು: ಮನೆಯೆಲ್ಲ ಹುಡುಕಿ. ಹೆಂಡತಿ ಸಿಗಲ್ಲ. ಇದ್ರೂ ತೀರಾ ಕಮ್ಮಿ ಅಂತ ಎದೆ ತಟ್ಟಿ ಹೇಳ್ಕೊಳ್ಳಿ.