ಎಂಟುನೂರು ಮಂಡಿಗಳನ್ನು ಹಿಂಪಡೆಯುವ ಕುರಿತು

ಇಂದ:
ಉಪಸಂಪಾದಕಿ, ಏಳನೆಯ ಪುಟ,
ಕಿಟಕಿ ಇಲ್ಲದ ಕಡೆಯ ಮೇಜು.

ಗೆ:
ಮಾನ್ಯ ಸಂಪಾದಕರು,
ಅದೇ ಕೋಣೆ, ಕಿಟಕಿ ಇರುವ ಕಡೆಯ ಮೇಜು.

ವಿಷಯ: ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಎಂಟುನೂರು ಮಂಡಿಗಳನ್ನು ಹಿಂಪಡೆದು, ಅರ್ಜಿದಾರಳ ತಾಯಿಯ ಒಂದು ಮಂಡಿಯನ್ನು ಉಳಿಸಿಕೊಡುವ ಬಗ್ಗೆ.

ಉಲ್ಲೇಖ:
೧. ಏಳನೆಯ ಪುಟ, ಎರಡನೆಯ ಕಾಲಂ, ಅಡಿಭಾಗದ ಒಂಬತ್ತು ಸಾಲುಗಳು.
೨. ಅರ್ಜಿದಾರಳಿಗೆ ತಾವು ದಯಪಾಲಿಸಿದ ಮೆಮೊ.
೩. "ಏನಾದ್ರೂ ಹಾಕಮ್ಮ" ಎಂಬ ತಮ್ಮ ಮೌಖಿಕ ಆದೇಶ (ಸಾಕ್ಷಿಗಳಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಅರ್ಜಿದಾರಳು ತಮ್ಮ ಪತ್ರಿಕೆಯಲ್ಲಿ ಹನ್ನೊಂದು ವರ್ಷಗಳಿಂದ ಖಾಲಿ ಜಾಗ ತುಂಬುವ ಕೆಲಸವನ್ನು ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದಾಳೆ. ಜಾಹೀರಾತು ಕೈಕೊಟ್ಟಾಗ, ಫೋಟೊ ಬಾರದಿದ್ದಾಗ, ಯಾರಾದರೂ ಗಣ್ಯರು ಭಾಷಣವನ್ನು ಬೇಗ ಮುಗಿಸಿದಾಗ (ಇದು ಒಮ್ಮೆ ಮಾತ್ರ ನಡೆದಿದೆ) ಪುಟದಲ್ಲಿ ತೂತು ಬೀಳುತ್ತದೆ. ಆ ತೂತು ಮುಚ್ಚಲು ಹಾಕುವ ನಾಲ್ಕಾರು ಸಾಲುಗಳಿಗೆ ಕಚೇರಿಯಲ್ಲಿ ಫಿಲ್ಲರ್ ಎನ್ನುತ್ತಾರೆ. ಓದುಗರು ಅದನ್ನು ಅಧ್ಯಯನ ಎನ್ನುತ್ತಾರೆ. ಅದರ ಕೆಳಗೆ ಯಾರ ಹೆಸರೂ ಇರುವುದಿಲ್ಲ.

ಈ ಹಿನ್ನೆಲೆಯಲ್ಲಿ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು.

೧. ಅರ್ಜಿದಾರಳ ತಂದೆಯವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಂಗಡಿಗಳ ತೂಕದ ಕಲ್ಲುಗಳಿಗೆ ಮುದ್ರೆ ಒತ್ತಿ ನಿವೃತ್ತರಾದವರು. ಮುದ್ರೆ ಇಲ್ಲದ ಕಲ್ಲು ಎಷ್ಟೇ ಸರಿಯಾಗಿ ತೂಗಲಿ, ಅವರ ಲೆಕ್ಕದಲ್ಲಿ ಅದು ಬರೀ ಕಬ್ಬಿಣದ ತುಂಡು. ನಿವೃತ್ತಿಯ ನಂತರ ಮುದ್ರೆ ಒತ್ತಲು ಮನೆಯಲ್ಲಿ ಏನೂ ಸಿಗದ ಕಾರಣ ಅವರು ಪತ್ರಿಕೆಯ ಕಡೆ ತಿರುಗಿದರು. ದಿನಾ ಬೆಳಿಗ್ಗೆ ಉಗುರು ಕತ್ತರಿಸುವ ಪುಟ್ಟ ಕತ್ತರಿಯಿಂದ ಆರೋಗ್ಯ, ಆಹಾರ, ನಿದ್ದೆ, ಸಂಸಾರ ಇತ್ಯಾದಿಗಳ ಲೇಖನ ಕತ್ತರಿಸಿ, ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿ, ಕೆಂಪು ಶಾಯಿಯಲ್ಲಿ ಸಂಖ್ಯೆ ಹಾಕಿ ಫೈಲಿಗೆ ಸೇರಿಸುತ್ತಾರೆ. ಆದ್ದರಿಂದ ಆ ಮನೆಯಲ್ಲಿ ಯಾರು ಏನೇ ಹೇಳಿದರೂ ಮೊದಲು ಬರುವ ಪ್ರಶ್ನೆ ಒಂದೇ: "ಎಲ್ಲಿ ಬಂದಿದೆ?"

"ಇವತ್ತು ಸೆಕೆ ಜಾಸ್ತಿ ಕಣ್ರೀ" ಎಂದು ತಾಯಿಯವರು ಅಂದರೂ ಅದೇ ಪ್ರಶ್ನೆ.

"ಎಲ್ಲಿ ಬಂದಿದೆ ಅಂದ್ರೆ? ನನ್ನ ಬೆನ್ನ ಮೇಲೆ ಬಂದಿದೆ ಬೆವರು, ನೋಡಿ ಬೇಕಾದ್ರೆ!"

ಬೆನ್ನಿನ ಮೇಲೆ ದಿನಾಂಕ ಇಲ್ಲದ ಕಾರಣ ಸದರಿ ಸಾಕ್ಷ್ಯವನ್ನು ತಂದೆಯವರು ಪುರಸ್ಕರಿಸಲಿಲ್ಲ.

೨. ಒಂದು ಮಂಗಳವಾರ ಮಧ್ಯಾಹ್ನ ಬಚ್ಚಲುಮನೆ ಟೈಲ್ಸ್ ಅಂಗಡಿಯವರು ಜಾಹೀರಾತನ್ನು ಕೊನೆಗಳಿಗೆಯಲ್ಲಿ ವಾಪಸ್ ಪಡೆದರು. ಏಳನೆಯ ಪುಟದಲ್ಲಿ ಒಂಬತ್ತು ಸಾಲಿನ ತೂತು ಬಿತ್ತು. ತಾವು ಅರ್ಜಿದಾರಳ ತಲೆಯ ಮೇಲೆ ನಿಂತು, "ಏನಾದ್ರೂ ಹಾಕಮ್ಮ. ಆರೋಗ್ಯದ್ದು ಹಾಕು, ಆರೋಗ್ಯದ ವಿಷಯಕ್ಕೆ ಯಾರೂ ಜಗಳಕ್ಕೆ ಬರಲ್ಲ" ಎಂದು ಅಪ್ಪಣೆ ಕೊಡಿಸಿದಿರಿ. ಅಂದು ಕಚೇರಿಯ ಲಿಫ್ಟ್ ಕೆಟ್ಟಿತ್ತು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಿದ್ದ ಅರ್ಜಿದಾರಳ ತಲೆಯಲ್ಲಿ ಮೆಟ್ಟಿಲು ಬಿಟ್ಟು ಬೇರೇನೂ ಇರಲಿಲ್ಲ. ಆ ಕಾರಣ "ಮಂಡಿ ನೋವಿಗೆ ಮೆಟ್ಟಿಲೇ ಮದ್ದು: ಅಧ್ಯಯನ" ಎಂಬ ತಲೆಬರಹ ಹುಟ್ಟಿತು. ದಿನಕ್ಕೆ ಎರಡು ಬಾರಿ ಐವತ್ತು ಮೆಟ್ಟಿಲು ಹತ್ತಿಳಿದರೆ ಮಂಡಿ ನೋವು ಮಾಯವಾಗುತ್ತದೆಂದು ತಜ್ಞರು ಎಂಟುನೂರು ಮಂಡಿಗಳನ್ನು ಪರೀಕ್ಷಿಸಿ ಕಂಡುಕೊಂಡರು. ಎಂಟುನೂರೇ ಏಕೆಂದರೆ, ಒಂದು ಸಾವಿರದ ಇನ್ನೂರು ಎಂದರೆ ಸಾಲು ಮುಂದಕ್ಕೆ ಹೋಗುತ್ತಿತ್ತು. ಇಷ್ಟಾಗಿ ಎಂಟೇ ಸಾಲು ಆಗಿತ್ತು. ತಾವು ಕೈಗಡಿಯಾರ ನೋಡಿಕೊಂಡಿರಿ. ಅರ್ಜಿದಾರಳು ಒಂಬತ್ತನೆಯ ಸಾಲು ಬರೆದಳು: "ನಡುವೆ ನಿಲ್ಲಿಸಿದರೆ ಮಂಡಿ ಶಾಶ್ವತವಾಗಿ ಬಿಗಿದುಕೊಳ್ಳುತ್ತದೆ."

ಈ ಒಂಬತ್ತನೆಯ ಸಾಲನ್ನು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳುವುದು.

೩. ಮರುದಿನ ಬೆಳಿಗ್ಗೆ ಅದು ತಂದೆಯವರ ಫೈಲಿನಲ್ಲಿ ಸಂಖ್ಯೆ ೨೧೪ ಆಯಿತು. ಅರ್ಜಿದಾರಳ ತಾಯಿಗೆ ಎರಡು ವರ್ಷಗಳಿಂದ ಎಡಮಂಡಿ ನೋವು. ಮನೆ ಇರುವುದು ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಐವತ್ತನಾಲ್ಕು. ಅಧ್ಯಯನಕ್ಕೆ ಇಷ್ಟು ಹೇಳಿ ಮಾಡಿಸಿದ ಮನೆ ಬೇರೆಲ್ಲೂ ಇರಲಿಕ್ಕಿಲ್ಲ.

"ನನ್ನ ಮಂಡಿ ನನಗೆ ಗೊತ್ತಿಲ್ವಾ? ಹತ್ತಿದ್ರೆ ನೋಯುತ್ತೆ, ಕೂತ್ರೆ ಕಮ್ಮಿ ಆಗುತ್ತೆ" ಎಂದರು ತಾಯಿ.

"ನಿಂದು ಒಂದು ಮಂಡಿ. ಅಲ್ಲಿ ಎಂಟುನೂರು ಮಂಡಿ ನೋಡಿದಾರೆ" ಎಂದರು ತಂದೆ.

"ಹಾಗಾದ್ರೆ ನೀವೂ ಬನ್ನಿ ಜೊತೇಲಿ."

"ನೋವಿರೋರಿಗೆ ಅಂತ ಬರೆದಿದೆ. ನನಗೆ ನೋವಿಲ್ಲ."

ಮೂರು ದಿನ ತಾಯಿ ಜಗ್ಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ಯಾರೂ ಹೇಳದೆ, ಚಪ್ಪಲಿ ಮೆಟ್ಟಿ ಹೊರಟರು. ತಂದೆಯವರ ಕಾಟ ತಾಳಲಾರದೆ ಹೊರಟರೆಂದು ಅರ್ಜಿದಾರಳು ತಿಳಿದಳು. ಆ ತಿಳಿವಳಿಕೆ ತಪ್ಪೆಂಬುದು ಅಂಶ ೭ರಲ್ಲಿ ವ್ಯಕ್ತವಾಗುತ್ತದೆ.

೪. ಅರ್ಜಿದಾರಳು ತಪ್ಪೊಪ್ಪಿಕೊಳ್ಳಲು ಯತ್ನಿಸಲಿಲ್ಲವೆಂದು ಯಾರೂ ಆರೋಪಿಸತಕ್ಕದ್ದಲ್ಲ. ತಾಯಿ ಮೆಟ್ಟಿಲ ಮೇಲಿದ್ದಾಗ, ಹದಿನೇಳು, ಹದಿನೆಂಟು ಎಂದು ಅವರು ಎಣಿಸುವುದು ಬಾಗಿಲಿನಿಂದ ಕೇಳಿಸುತ್ತಿದ್ದಾಗಲೇ, ಅವಳು ತಂದೆಯ ಎದುರು ನಿಂತು ಹೇಳಿದಳು.

"ಅಪ್ಪ, ಅದನ್ನ ಬರೆದಿದ್ದು ನಾನು. ಯಾವ ಅಧ್ಯಯನಾನೂ ಇಲ್ಲ. ಜಾಗ ಖಾಲಿ ಇತ್ತು, ಬರೆದೆ."

ತಂದೆಯವರು ಸಂಖ್ಯೆ ೨೧೪ನ್ನು ಹೊರತೆಗೆದು, ಮುಂದೆ ನೋಡಿ, ಹಿಂದೆ ನೋಡಿ, ಬೆಳಕಿಗೆ ಹಿಡಿದು ನೋಡಿದರು.

"ನೀನು ಬರೆದಿದ್ದು ಅಂತ ಎಲ್ಲಿ ಬಂದಿದೆ?"

"ಫಿಲ್ಲರಿಗೆ ಹೆಸರು ಹಾಕಲ್ಲ ಅಪ್ಪ."

"ನೋಡಿದ್ಯಾ? ಹೆಸರಿಲ್ಲ ಅಂದ್ರೆ ತಜ್ಞರದೇ."

ಅನಂತರ ಅವರು ಸಂಖ್ಯೆ ೮೮ನ್ನು ಓದಿ ಹೇಳಿದರು: ಪ್ರಾಯಕ್ಕೆ ಬಂದ ಮಕ್ಕಳು ತಂದೆಯ ಮಾತನ್ನು ಕಾರಣವಿಲ್ಲದೆ ಅಲ್ಲಗಳೆಯುವುದು ಸಹಜ, ಹಿರಿಯರು ತಾಳ್ಮೆಯಿಂದಿರಬೇಕು. ಅದನ್ನು ಬರೆದವಳೂ ಅರ್ಜಿದಾರಳೇ. ಮೊಟ್ಟೆಯ ಸಗಟು ವ್ಯಾಪಾರಿಯ ಜಾಹೀರಾತು ತಪ್ಪಿದ ದಿನ.

ತಾಯಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ತರಕಾರಿಯವನಿಂದ ಹಿಡಿದು ಗ್ಯಾಸ್ ತರುವವನವರೆಗೆ ಎಲ್ಲರಿಗೂ "ನನ್ನ ಮಗಳು ಪೇಪರಲ್ಲಿದಾಳೆ" ಎಂದು ಹೇಳಿಕೊಂಡು ತಿರುಗುವ ಹೆಂಗಸು ಅವರು.

೫. ಈ ನಡುವೆ ತಮ್ಮ ಪತ್ರಿಕೆಯ ಒಂಬತ್ತು ಸಾಲುಗಳನ್ನು ಇನ್ನೊಂದು ಪತ್ರಿಕೆಯವರು ಎತ್ತಿಕೊಂಡರು. ಅವರಿಂದ ಒಂದು ವೆಬ್‌ಸೈಟು, ಅಲ್ಲಿಂದ ಜನರ ಫೋನುಗಳು. ದಾರಿಯಲ್ಲಿ ಎಲ್ಲೋ ಸೊನ್ನೆಯೊಂದು ಸೇರಿಕೊಂಡು ಮಂಡಿಗಳು ಎಂಟು ಸಾವಿರವಾದವು. ತಂದೆಯವರು ಇವನ್ನು ೨೧೪-ಎ, ೨೧೪-ಬಿ, ೨೧೪-ಸಿ ಎಂದು ದಾಖಲಿಸಿ, "ನಾಲ್ಕು ಕಡೆ ಬಂದಿದೆ. ನಾಲ್ಕು ಕಡೆಯವರೂ ಸುಳ್ಳು ಹೇಳ್ತಾರಾ?" ಎಂದರು. ನಾಲ್ಕು ಕಡೆಯವರಿಗೂ ಸುಳ್ಳು ಹೇಳಿದವಳು ಅರ್ಜಿದಾರಳೊಬ್ಬಳೇ ಆಗಿದ್ದಳು.

೬. ಬೇರೆ ದಾರಿ ಕಾಣದೆ, ಮುಂದಿನ ತೂತು ಬಿದ್ದ ದಿನ ಅರ್ಜಿದಾರಳು "ಮಂಡಿ ನೋವಿಗೆ ವಿಶ್ರಾಂತಿಯೇ ಮದ್ದು" ಎಂದು ಬರೆದು ಹಾಕಿದಳು. ಜಾಗ ಕಡಿಮೆ ಇದ್ದುದರಿಂದ ಆರುನೂರು ಮಂಡಿಗಳಲ್ಲೇ ಮುಗಿಸಬೇಕಾಯಿತು. ತಂದೆಯವರು ಅದನ್ನೂ ಕತ್ತರಿಸಿ ಸಂಖ್ಯೆ ೨೩೧ ಎಂದು ಬರೆದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, "ಆರುನೂರು ದೊಡ್ಡದೋ ಎಂಟು ಸಾವಿರ ದೊಡ್ಡದೋ?" ಎಂದು ಕೇಳಿದರು. ತೂಕದ ಇಲಾಖೆಯವರಿಗೆ ಯಾವ ತಟ್ಟೆ ಕೆಳಗೆ ಹೋಗುತ್ತದೆಂದು ಹೇಳಿಕೊಡಬೇಕಾಗಿಲ್ಲ.

ಅದೇ ದಿನ ತಾವು ಉಲ್ಲೇಖ ೨ರ ಮೆಮೊ ನೀಡಿದಿರಿ: "ಪತ್ರಿಕೆ ಒಮ್ಮೆ ಪ್ರಕಟಿಸಿದ ಅಧ್ಯಯನವನ್ನು ಆಧಾರವಿಲ್ಲದೆ ಅಲ್ಲಗಳೆಯತಕ್ಕದ್ದಲ್ಲ." ಅರ್ಜಿದಾರಳು ತಮ್ಮ ಮೇಜಿಗೆ ಬಂದು ತಿದ್ದುಪಡಿ ಕೇಳಿದಾಗ ನಡೆದ ಮಾತುಕತೆ ತಮಗೆ ನೆನಪಿರಬಹುದು.

"ತಿದ್ದುಪಡಿಗೆ ಆಧಾರ ಬೇಕಲ್ಲಮ್ಮ. ಎಲ್ಲಾದ್ರೂ ಬಂದಿದ್ರೆ ತಂದು ತೋರಿಸು."

"ಸರ್, ಮೊದಲನೇದು ಹಾಕುವಾಗ ಆಧಾರ ಕೇಳಲಿಲ್ವಲ್ಲ?"

"ಆಗ ಜಾಗ ಇತ್ತು. ಈಗ ಜಾಗ ಇಲ್ಲ."

೭. ಹೋದ ವಾರ ಗುರುವಾರ ಸಂಜೆ ಅರ್ಜಿದಾರಳು ಕೆಲಸ ಮುಗಿಸಿ ಬಂದಾಗ ತಾಯಿ ಮೂವತ್ತೊಂದನೆಯ ಮೆಟ್ಟಿಲ ಮೇಲೆ ಕೂತಿದ್ದರು. ಮಂಡಿ ಬಾತುಕೊಂಡು ಏಳಲಾಗುತ್ತಿರಲಿಲ್ಲ. ಮಹಡಿಯ ಬಾಗಿಲಲ್ಲಿ ತಂದೆಯವರು ಫೈಲನ್ನು ನೆಲದ ಮೇಲೆ ಹರಡಿಕೊಂಡು ಹಾಳೆ ತಿರುವುತ್ತಿದ್ದರು. "ಏಳಕ್ಕಾಗದೆ ಹೋದ್ರೆ ಏನು ಮಾಡ್ಬೇಕು ಅಂತ ಎಲ್ಲೂ ಬಂದೇ ಇಲ್ಲ ಕಣೇ" ಎಂದರು. ಇನ್ನೂರ ಚಿಲ್ಲರೆ ಅಧ್ಯಯನಗಳಲ್ಲಿ ಅದೊಂದನ್ನು ಬರೆಯಲು ಅರ್ಜಿದಾರಳಿಗೆ ಎಂದೂ ಹೊಳೆದಿರಲಿಲ್ಲ.

ಅವಳು ಮೆಟ್ಟಿಲ ಮೇಲೆ ತಾಯಿಯ ಪಕ್ಕ ಕೂತಳು.

"ಅಪ್ಪ ಹೇಳಿದ್ರು ಅಂತ ಯಾಕಮ್ಮ ಹತ್ತಿದೆ?"

"ನಿಮ್ಮಪ್ಪ ಹೇಳಿದ್ದನ್ನ ನಾನು ಯಾವತ್ತಾದ್ರೂ ಮಾಡಿದೀನಾ? ನಾಲ್ಕನೇ ದಿನ ನೋಡಿದೆ, ಅದು ನಿನ್ನ ಪೇಪರಲ್ಲಿ ಬಂದಿತ್ತು. ನೀನಿರೋ ಕಡೆ ಸುಳ್ಳು ಹಾಕ್ತಾರಾ ಅಂತ ಹತ್ತಿದೆ."

ಆಗ ಅರ್ಜಿದಾರಳು ಎಲ್ಲವನ್ನೂ ಹೇಳಿದಳು. ಟೈಲ್ಸ್ ಅಂಗಡಿ, ಕೆಟ್ಟ ಲಿಫ್ಟು, ಎಂಟುನೂರು. ತಾಯಿ ಕೇಳಿದರು.

"ಮಧ್ಯಾಹ್ನ ಮಲಗಿದ್ರೆ ಮರೆವು ಬರುತ್ತೆ ಅಂತ ಬಂದಿತ್ತಲ್ಲ, ಅದೂನಾ?"

"ಅದೂ."

"ಆರು ವರ್ಷ ಆಯ್ತಲ್ಲೇ ನಾನು ಮಧ್ಯಾಹ್ನ ಕಣ್ಣು ಮುಚ್ಚಿ!"

ಬೈದಿದ್ದರೆ ಅರ್ಜಿದಾರಳು ಹೇಗೋ ಸಹಿಸಿಕೊಳ್ಳುತ್ತಿದ್ದಳು. ತಾಯಿ ನಕ್ಕರು.

೮. ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಆಸ್ಪತ್ರೆಗೆ ಒಯ್ದಾಗ ವೈದ್ಯರು ಎಕ್ಸ್‌ರೇ ನೋಡಿ, ಮೂರು ತಿಂಗಳು ಮೆಟ್ಟಿಲ ಕಡೆ ತಲೆ ಹಾಕಕೂಡದು, ಹಾಕಿದರೆ ಆಪರೇಷನ್ನೇ ಗತಿ ಎಂದರು. ತಂದೆಯವರು "ಎಲ್ಲಿ ಬಂದಿದೆ?" ಎಂದರು. ವೈದ್ಯರು ಗೋಡೆಯ ಮೇಲಿದ್ದ ತಮ್ಮ ಪದವಿ ಪತ್ರದ ಕಡೆ ಬೆರಳು ತೋರಿಸಿದರು. "ಅದು ನಿಮ್ಮ ಬಗ್ಗೆ. ಮಂಡಿ ಬಗ್ಗೆ ಎಲ್ಲಿದೆ?" ಎಂದರು ತಂದೆ.

ಇದನ್ನು ಹಟವೆಂದು ಅರ್ಜಿದಾರಳೂ ತಿಳಿದಿದ್ದಳು. ಆದರೆ ಈಗ ಅವರು ದಿನಾ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಸಂಖ್ಯೆ ೨೧೪ರ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಹತ್ತು ಮೆಟ್ಟಿಲಾದ್ರೂ ಹತ್ತು. ನಿಲ್ಲಿಸಿಬಿಟ್ರೆ ಬಿಗಿದುಕೊಂಡುಬಿಡುತ್ತೆ, ಆಮೇಲೆ ನೀನು ನಡೆಯೋದೇ ಇಲ್ಲ" ಎಂದು ಅಂಗಲಾಚುತ್ತಾರೆ. ನಿನ್ನೆ ಅವರ ಕಣ್ಣು ತುಂಬಿತ್ತು. ಅವರನ್ನು ಹೆದರಿಸುತ್ತಿರುವುದು ಆ ಒಂಬತ್ತನೆಯ ಸಾಲು. ಅರ್ಧ ನಿಮಿಷದಲ್ಲಿ ಬರೆದದ್ದು.

ತಾಯಿಗೆ ಸತ್ಯ ಗೊತ್ತು. ಆದರೂ ಇಂದು ಬೆಳಿಗ್ಗೆ ಅವರು ಅರ್ಜಿದಾರಳ ಕಿವಿಯಲ್ಲಿ ಹೇಳಿದ ಮಾತು ಹೀಗಿದೆ: "ಪಾಪ, ತುಂಬಾ ಹೆದರ್ಕೊಂಡಿದಾರೆ ಕಣೇ. ಸೋಮವಾರದಿಂದ ಹತ್ತಿಬಿಡ್ತೀನಿ. ಅವರಿಗೆ ಸಮಾಧಾನ ಆಗ್ಲಿ."

ಆದ್ದರಿಂದ, ಮೇಲೆ ವಿವರಿಸಿದ ಎಲ್ಲ ಕಾರಣಗಳಿಗಾಗಿ, ಅಚ್ಚಾದದ್ದನ್ನು ಅಚ್ಚೇ ಅಳಿಸಬೇಕಾಗಿರುವ ಕಾರಣ, ಹಾಗೂ ಇಂದು ಶನಿವಾರವಾಗಿರುವ ಕಾರಣ, ಕೆಳಗಿನ ಸಾಲುಗಳನ್ನು ನಾಳಿನ ಸಂಚಿಕೆಯ ಏಳನೆಯ ಪುಟದಲ್ಲಿ, ಎರಡನೆಯ ಕಾಲಂನ ಅಡಿಭಾಗದಲ್ಲಿ, ಅರ್ಜಿದಾರಳ ಹೆಸರಿನೊಂದಿಗೆ ಪ್ರಕಟಿಸಬೇಕಾಗಿ ಕೋರಿಕೆ:

"ತಿದ್ದುಪಡಿ: ಮಂಡಿ ನೋವಿಗೆ ಮೆಟ್ಟಿಲೇ ಮದ್ದು ಎಂದು ಇಲ್ಲಿ ಬಂದಿದ್ದು ಸುಳ್ಳು. ಎಂಟುನೂರು ಮಂಡಿಗಳನ್ನು ಯಾರೂ ನೋಡಿಲ್ಲ. ನೋಡಿದ್ದು ಒಂದೇ ಮಂಡಿ. ಅದು ಎಡಗಡೆಯದು, ಬಾತಿದೆ. ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿದರೆ ಮಂಡಿ ಬಿಗಿದುಕೊಳ್ಳುವುದಿಲ್ಲ. ಹೆದರಬೇಡಿ. ಮಧ್ಯಾಹ್ನ ಮಲಗಬಹುದು."

ಅಳತೆ ಹಾಕಿ ನೋಡಲಾಗಿದೆ. ಸರಿಯಾಗಿ ಒಂಬತ್ತು ಸಾಲು ಬರುತ್ತದೆ. ಇದರಿಂದ ಅರ್ಜಿದಾರಳ ಕೆಲಸ ಹೋಗುವುದಾದರೆ ಆ ಖಾಲಿ ಜಾಗವನ್ನು ತುಂಬುವ ವಿಷಯದಲ್ಲಿ ಅವಳ ಅಭ್ಯಂತರವೇನೂ ಇರುವುದಿಲ್ಲ.

ತಮ್ಮ ವಿಶ್ವಾಸಿ
(ವಿಶ್ವಾಸಕ್ಕೆ ಆಧಾರ ಒದಗಿಸಲಾಗಿಲ್ಲ),
ಉಪಸಂಪಾದಕಿ, ಏಳನೆಯ ಪುಟ

ಲಗತ್ತುಗಳು:
೧. ಸಂಖ್ಯೆ ೮೮, ೨೧೪, ೨೩೧ರ ನಕಲುಗಳು. ಮೂಲ ಪ್ರತಿ ಕೊಡಲು ತಂದೆಯವರು ಒಪ್ಪಲಿಲ್ಲ.
೨. ತಮ್ಮ ಮೆಮೊ.
೩. ಎಡಮಂಡಿಯ ಎಕ್ಸ್‌ರೇ, ಒಂದು.
೪. ಸದರಿ ಮಂಡಿಯನ್ನು ಮತ್ತೆ ಕೆಳಗಿಳಿಸಲು ಆಗದಿರುವ ಕಾರಣ ಲಗತ್ತಿಸಿಲ್ಲ. ತಾವು ಖುದ್ದಾಗಿ ಮೂರನೆಯ ಮಹಡಿಗೆ ದಯಮಾಡಿಸಿ ಪರಿಶೀಲಿಸಬೇಕಾಗಿ ವಿನಂತಿ. ಲಿಫ್ಟ್ ಇರುವುದಿಲ್ಲ, ಮೆಟ್ಟಿಲು ಐವತ್ತನಾಲ್ಕು. ಅದರಿಂದ ತಮಗೆ ಒಳ್ಳೆಯದೇ ಆಗುತ್ತದೆ. ತಮ್ಮ ಪತ್ರಿಕೆಯಲ್ಲೇ ಬಂದಿದೆ.