ಕೇಳದೆ ಒಳಗೆ ಬಿಡುವ ದೇಶ

ದೇವರೇ ಪ್ರತ್ಯಕ್ಷನಾದರೂ ದೊಡ್ಡಬಳ್ಳಾಪುರದ ನಮ್ಮ ಸೋದರಮಾವ ಮೊದಲು ಕೇಳುವುದು, "ಯಾವೂರು? ಯಾರ ಕಡೆಯೋರು?" ಎಂದೇ! ಬಾಗಿಲು ಬಡಿದವರನ್ನು ವಿಚಾರಣೆ ಮಾಡದೆ ಅವರು ಚಿಲಕ ತೆಗೆದದ್ದೇ ಇಲ್ಲ. ಸೊಪ್ಪು ತರಲು ಹೋಗಿದ್ದ ಅತ್ತೆ ಒಮ್ಮೆ ಬಿಸಿಲಲ್ಲಿ ನಿಂತು, "ನಾನು ಕಣ್ರೀ, ನಿಮ್ಮ ಹೆಂಡ್ತಿ!" ಎಂದು ಕೂಗಿದರೆ ಒಳಗಿಂದ, "ಹಂಗಂತ ಯಾರ್ ಬೇಕಾದ್ರೂ ಹೇಳ್ಬೋದು" ಎಂದರಂತೆ.

ಮಾವ ಮಗ್ಗದ ಮನುಷ್ಯ. ರೇಷ್ಮೆ ಎಂದು ಯಾರು ಆಣೆಯಿಟ್ಟರೂ ಒಂದು ಎಳೆ ಕಿತ್ತು, ಸುಟ್ಟು, ಮೂಸುವವರೆಗೆ ನಂಬರು. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಬರದಿದ್ದರೆ ಮೋಸ. ನನ್ನ ಮದುವೆಯಲ್ಲಿ ಬೀಗರು ಕೊಟ್ಟ ಪಂಚೆಯ ಎಳೆಯನ್ನೂ ಛತ್ರದಲ್ಲೇ ಸುಟ್ಟರು! ಪುಣ್ಯಕ್ಕೆ ಅಪ್ಪಟ ರೇಷ್ಮೆ. ಇಲ್ಲದಿದ್ದರೆ ನನ್ನ ಗತಿ?

ಇಂಥವರ ಒಬ್ಬಳೇ ಮಗಳು ಕೆನಡಾದಲ್ಲಿ ನರ್ಸು. ಅಲ್ಲೇ ಕಾಯಂ ಆಗಿರಲು ಕಾರ್ಡು ಸಿಕ್ಕಿದೆ. ಹೋದ ತಿಂಗಳು ವಿಡಿಯೋ ಕಾಲ್ ಮಾಡಿ, "ಅಪ್ಪಾ, ಈ ಕಾರ್ಡಿದ್ರೆ ಮೆಕ್ಸಿಕೋಗೆ ವೀಸಾನೇ ಬೇಡ! ಈ ಸಲ ರಜಾಕ್ಕೆ ಅಲ್ಲಿಗೇ ಹೋಗ್ತೀನಿ" ಎಂದಳು.

ಮಾವನ ಹುಬ್ಬು ಗಂಟಾಯಿತು. "ನೀನಿರೋದು ಒಂದು ದೇಶ, ಪಾಸ್‌ಪೋರ್ಟು ನಮ್ದು, ಒಳಗೆ ಬಿಡೋನು ಇನ್ಯಾವನೋ! ಕೇಳ್ದೆ ಒಳಗೆ ಬಿಟ್ಟೋನು ಆಚೆ ಬಿಡ್ತಾನೇನಮ್ಮ? ಆ ಕಾರ್ಡಿನ ಮೂಲೆ ಒಂಚೂರು ಸುಟ್ಟು ಮೂಸಿ ನೋಡು."

"ಅಪ್ಪಾ, ಅದು ಪ್ಲಾಸ್ಟಿಕ್ಕು!"

"ನೋಡ್ದ್ಯಾ? ನಾನ್ ಹೇಳ್ಲಿಲ್ವಾ!"

ಅಲ್ಲಿಂದ ಶುರುವಾಯಿತು ನನ್ನ ಪೀಕಲಾಟ. ಹೊತ್ತಿಲ್ಲ ಗೊತ್ತಿಲ್ಲ, ಮಾವನ ಫೋನು. "ಲೇ, ಆ ಮೆಕ್ಸಿಕೋದೋರಿಗೆ ನಮ್ ಹುಡುಗಿಯಿಂದ ಏನಾಗ್ಬೇಕಂತೆ?" ಕೊನೆಗೆ ನಾನೂ ರೇಗಿದೆ. "ಅವಳು ಹೋದ್ರೆ ನಿಮಗೇನು ಮಾವ ಕಷ್ಟ?"

ಮಾವನ ದನಿ ಇಳಿಯಿತು. "ಅಲ್ಲ ಕಣೋ, ಎಲ್ಲಾ ದೇಶದೋರೂ ಹಿಂಗೆ ಬಾಗ್ಲು ತೆಗೆದಿಟ್ರೆ, ಸಿಗೋದೊಂದು ರಜಾದಲ್ಲಿ ಅವ್ಳು ಇಲ್ಲಿಗೆ ಯಾಕ್ ಬರ್ತಾಳೆ?"

ಅದನ್ನು ಹಾಗೇ ಅವಳ ಕಿವಿಗೆ ಹಾಕಿದೆ. ಅವಳು ಮೆಕ್ಸಿಕೋ ಬಿಟ್ಟು ಊರಿಗೆ ಟಿಕೆಟ್ ಮಾಡಿಸಿದಳು. ಮಾವ ನಂಬಬೇಕಲ್ಲ! "ಬರ್ತೀನಿ ಅಂತಾಳೆ. ದಾರೀಲಿ ಆ ಮೆಕ್ಸಿಕೋದಲ್ಲೇ ಇಳ್ಕೊಂಡ್ಬಿಟ್ರೆ?"

ಮೊನ್ನೆ ಬೆಳಿಗ್ಗೆ ದೇವನಹಳ್ಳಿ ಏರ್‌ಪೋರ್ಟಿನಿಂದ ಅವಳನ್ನು ನಾನೇ ಕರೆತಂದೆ. ಅಪ್ಪನ ವಿಚಾರಣೆಗೆ ತಯಾರಾಗಿ, ನಗುತ್ತಾ, ಪಾಸ್‌ಪೋರ್ಟ್ ಕೈಯಲ್ಲೇ ಹಿಡಿದು ಬಾಗಿಲು ಬಡಿದಳು. ಬಡಿದ ಏಟಿಗೆ ಬಾಗಿಲು ತೆರೆದುಕೊಂಡಿತು. ಚಿಲಕವೇ ಹಾಕಿರಲಿಲ್ಲ!

ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದ ಮಾವ ಎದ್ದರು. ಪಾಸ್‌ಪೋರ್ಟಿನ ಕಡೆ ತಿರುಗಿಯೂ ನೋಡಲಿಲ್ಲ.

"ಯಾರು, ಯಾವೂರು ಅಂತ ಕೇಳಲ್ವೇನಪ್ಪಾ?"

ಮಾವ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಉತ್ತರ ಬಂದದ್ದು ಅಡುಗೆಮನೆಯಿಂದ, ಅತ್ತೆಯದು:

"ನಿನ್ನೆಯಿಂದ ನಿಮ್ಮಪ್ಪ ಚಿಲಕ ಹಾಕೋಕೇ ಬಿಟ್ಟಿಲ್ಲ ಕಣೇ. ಬೀದಿ ನಾಯಿ ಒಳಗೆ ಬಂತು, ಅದನ್ನೂ ಯಾರು ಅಂತ ಕೇಳ್ಲಿಲ್ಲ!"