ಆಯಿಯ ಹೀರೇಬಳ್ಳಿಗೆ ಮುತ್ತಿದ ಕೆಂಪು ಹುಳ

ಅನ್ಯಾಯ ಕಂಡಲ್ಲಿ ಕೂಗಾಡುತ್ತ ಊರೂರು ತಿರುಗುತ್ತಿದ್ದ ನನಗೆ ನಗಲು ಪುರುಸೊತ್ತೇ ಇರಲಿಲ್ಲ. ಆದರೆ ಪಕ್ಕದ ಮನೆಯ ಆಯಿಯ ಹಿತ್ತಲು ಬಿಡಬೇಕಲ್ಲ! ಅಲ್ಲಿ ವಾರಕ್ಕೊಂದಾದರೂ ಪ್ರಸಂಗ ನಡೆದೇ ನಡೆಯುತ್ತಿತ್ತು.

ನಿಜಾಮರ ಕಾಲ, ನಮ್ಮೂರು ನರೋಣಾ. ಹೀರೇಕಾಯಿ ಬುಟ್ಟಿ ಹೊತ್ತು ಆಳಂದ ಸಂತೆಗೆ ಹೋದರೆ ಆಯಿಯ ಹೊಟ್ಟೆ ನಡೆಯುತ್ತಿತ್ತು. ಬಳ್ಳಿ ಹೋಯಿತೋ, ತಂಗಳು ರೊಟ್ಟಿಗಾಗಿ ಗೌಡನ ಕೊಟ್ಟಿಗೆಯಲ್ಲಿ ಸಗಣಿ ಬಾಚಬೇಕು. ಅದನ್ನು ಜನ ಚಾಕರಿ ಅನ್ನುತ್ತಿದ್ದರು. ನಾನು ಸುಲಿಗೆ ಅನ್ನುತ್ತೇನೆ. ಆ ವರ್ಷ ಊರು ಹಿಂದೆಂದೂ ಕಾಣದ ಕೆಂಪು ಹುಳ ಎಲ್ಲಿಂದಲೋ ಬಂದು ಆ ಬಳ್ಳಿಗೇ ಮುತ್ತಿತು.

೧. ಬೂದಿ

ಇಬ್ಬನಿ ಆರುವ ಮೊದಲೇ ಆಯಿ ಒಲೆಯ ಬೂದಿ ಜರಡಿ ಹಿಡಿದು ಎಲೆಗಳ ಮೇಲೆ ಉದುರಿಸುತ್ತಿದ್ದಳು. ಹಣೆತುಂಬ ವಿಭೂತಿ ಬಳಿದುಕೊಂಡ ಗೌಡ ದಾರಿಯಲ್ಲೇ ನಿಂತ.

"ಏನಬೇ, ಬಳ್ಳಿಗೂ ವಿಭೂತಿ ಹಚ್ಚಾಕತ್ತೀಯೇನು?"

"ಹೌದ್ರಿ ಗೌಡ್ರ. ಬಳ್ಳಿಗಿ ಹಚ್ಚಿದ್ರ ತಿನ್ನೋರು ದೂರ ಓಡ್ತಾರ. ತಿನ್ನೋರೇ ಹಚ್ಚಿಕೊಂಡ್ರ ಏನ್ ಮಾಡಬೇಕ್ರಿ?"

ಗೌಡ ಅಂದಿನಿಂದ ಆ ದಾರಿ ಬಿಟ್ಟ.

೨. ನನ್ನ ಪಾಂಡಿತ್ಯ

ನಾನು ಶಾಲೆ ಕಲಿತವನಲ್ಲ, ಪುಸ್ತಕ ಓದಿ ಬುದ್ಧಿವಂತನಾದವನು. ಜೇವರ್ಗಿಯಲ್ಲಿ ಸಿಕ್ಕ ಹರಿದ ಪುಸ್ತಕವೊಂದರಲ್ಲಿ ಹುಳಕ್ಕೆ ಸೀಮೆಎಣ್ಣೆ ಮದ್ದು ಎಂದಿತ್ತು. ಮುಂದಿನ ಹಾಳೆ ಇರಲಿಲ್ಲ. ನಮ್ಮ ಕುಂಬಳಬಳ್ಳಿಗೆ ಎಣ್ಣೆಯನ್ನು ಹಾಗೇ ಸುರಿದೆ. ಮರುದಿನ ಬಳ್ಳಿ ಸುಟ್ಟು ಕರಕಲು. ಹುಳಗಳು ಬೇಲಿ ಹಾರಿ ಆಯಿಯ ಕಡೆ ಹೊರಟಿದ್ದವು.

ಆಯಿ ಬಂದು ನೋಡಿದಳು. "ಬಳ್ಳಿ ಸತ್ತದ, ಹುಳಾ ಉಳದಾವ. ನಿನ್ನ ಭಾಷಣಾನೂ ಹಿಂಗೇ ಏನೋ ತಮ್ಮಾ? ಗೌಡ ಉಳೀತಾನ, ಕೇಳಿದವರು ಸಾಯ್ತಾರ!"

ಆಮೇಲೆ ತಾನೇ ಕಲಿಸಿದಳು. ಮಡಿಕೆ ನೀರಿಗೆ ನಾಲ್ಕೇ ಹನಿ ಎಣ್ಣೆ. ಬೆಳಗಿನ ಚಳಿಗೆ ಹುಳ ಮರಗಟ್ಟಿರುತ್ತದೆ. ಎಲೆಯ ಕೆಳಗೆ ಮಡಿಕೆ ಹಿಡಿದು ಬೆರಳಿಂದ ಒಂದು ತಟ್ಟು ಸಾಕು, ಹುಳ ನೀರಿಗೆ ಬಿದ್ದು ಮುಳುಗುತ್ತದೆ. ಅಂಥ ಗುರು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

೩. ಮಡಿಕೆಯೊಳಗಿನ ಕಚೇರಿ

ತಹಶೀಲದಾರರ ಕೈಕೆಳಗಿನ ಕಂದಾಯದ ಗಿರ್ದಾವರ ಸಾಹೇಬ ಊರಿಗೆ ಬಂದಾಗಲೆಲ್ಲ ಆಯಿಯ ಹೀರೇಕಾಯಿ ಬಿಟ್ಟಿಯಾಗಿ ಅವನ ಚೀಲ ಸೇರುತ್ತಿತ್ತು. ಹುಳದಿಂದ ಉಳಿದದ್ದು ಬುಟ್ಟಿ ತುಂಬಿದರೆ ಹೆಚ್ಚು ಅನ್ನುವ ಹೊತ್ತಿಗೇ ಅವನು ಬಂದ. ಬೇಲಿಯಾಚೆ ಅವನೂ ಚೀಲ ಹೊತ್ತ ಜವಾನನೂ ನಿಂತದ್ದು ಕಾಣದೆ ಆಯಿ ನನ್ನತ್ತ ಕೂಗಿದಳು:

"ತಮ್ಮಾ, ಇವತ್ತ ಏಳು ಗಿರ್ದಾವರ, ಒಬ್ಬ ತಹಶೀಲದಾರ! ಎಲ್ಲಾರನ್ನೂ ಮುಳುಗಿಸೀನಿ!"

"ಏನಂದಿ ಮುದುಕಿ?" ಸಾಹೇಬ ಗುಡುಗಿದ.

ನನಗೆ ಜೈಲೇ ಕಣ್ಣಮುಂದೆ ಬಂತು. ಆಯಿ ಮಾತ್ರ ಮಡಿಕೆಯನ್ನು ಅವನ ಮೂಗಿನ ಕೆಳಗೆ ಹಿಡಿದಳು. "ಹುಳಾ ರೀ ಸಾಹೇಬ್ರ. ಕರೀದೇ ಬರ್ತಾವ, ಎಲಿ ತಿಂದು ಬರೇ ನರ ಬಿಡ್ತಾವ, ಹೋಗ್ರಿ ಅಂದ್ರ ಹೋಗಂಗಿಲ್ಲ. ಅದಕ್ಕ ಆ ಹೆಸರು ಇಟ್ಟೀನಿ."

ಸಾಹೇಬ ಕೆಂಪಾದ. ಬಗ್ಗಿ ಮಡಿಕೆಯೊಳಗೆ ಇಣುಕಿದ. ದನಿ ತಗ್ಗಿಸಿ ಕೇಳಿದ: "ತಹಶೀಲದಾರ ಯಾವುದು?"

ಆಯಿ ದಪ್ಪನೆಯದೊಂದನ್ನು ಬೆರಳಿಟ್ಟು ತೋರಿಸಿದಳು.

"ಇಲ್ಲ ಬಿಡು. ಅವರ ಹೊಟ್ಟಿ ಇನ್ನೂ ದೊಡ್ಡದದ."

ಅಷ್ಟರಲ್ಲಿ ಜವಾನ ಚೀಲ ಬಿಚ್ಚಿದ. "ಸಾಹೇಬ್ರ, ಹೀರೀಕಾಯಿ ಹರೀಲೇನ್ರಿ?"

ಸಾಹೇಬ ಇನ್ನೊಮ್ಮೆ ಮಡಿಕೆಯೊಳಗೆ ಇಣುಕಿದ.

"ಮುಟ್ಟಬ್ಯಾಡ, ನಡಿಯಲೇ! ಆ ಮಡಿಕ್ಯಾಗ ಇನ್ನೂ ಜಾಗಾ ಅದ."